ಇಂದ್ರಾಬಾಯಿ ಕೊಟ್ಟ ಒಂದು ಚಿಕ್ಕಿ

ಉಮದಿಯ ನಮ್ಮ ಓಣಿಗೆ ಬಾಡಿಗೆಗೆ ಬಂದ ಹೊಸಬರು ನಾಲ್ಕು ದಿನ ಕಳೆಯುವುದರೊಳಗೆ ನನ್ನ ಬಳಿ ಬಂದು, ‘ಬಾಯಾರ, ನಿಮ್ಮ ಮಗ್ಗಲಮನಿ ಇಂದ್ರಾಬಾಯಿ ನಾಲಿಗಿ ಭಾಳ ಕೆಟ್ಟದ್ರಿ’ ಎಂದು ದೂರು ಹೇಳುತ್ತಾರೆ. ನಾನು ಮರಾಠಿ ಸೀಮೆಯ ಈ ಗಡಿಯೂರಿನ ಕನ್ನಡ ಶಾಲೆಯ ಶಿಕ್ಷಕಿ ವಿದ್ಯಾವತಿ. ಊರಿಗೆಲ್ಲ ಬಾಯಾರು. ದಿನವಿಡೀ ಮಕ್ಕಳ ಶುದ್ಧಬರಹ ತಿದ್ದುವವಳಿಗೆ ಸಿಟ್ಟು ಬೇಗ ಬರುತ್ತದೆ, ಅದನ್ನು ಒಪ್ಪುತ್ತೇನೆ. ಆದರೆ ಇಂದ್ರಕ್ಕನ ವಿಷಯಕ್ಕೆ ಬರುವ ಸಿಟ್ಟೇ ಬೇರೆ. ಆ ಬೈಗುಳ ಎಲ್ಲಿಂದ ಬಂತೆಂದು ಗೊತ್ತಿಲ್ಲದವರು ಅದರ ಬಗ್ಗೆ ಬಾಯಿ ಬಿಡಬಾರದು.

ಒಮ್ಮೆ ನಾನು ಹೊಸ ಇಳಕಲ್ಲ ಸೀರೆ ಉಟ್ಟು ಹೊರಟಿದ್ದೆ. ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ಕುಳಿತಿದ್ದ ಇಂದ್ರಕ್ಕ ತಲೆಯೆತ್ತಿ, ‘ಈ ಗೋಣಿಚೀಲ ಎಲ್ಲಿ ಸಿಕ್ತ ನಿನಗ?’ ಎಂದಳು. ಅಂದರೆ ಸೀರೆ ಬಲು ಚೆನ್ನಾಗಿತ್ತು. ಮನೆಯ ಆಕಳು ಚಂದದ ಕರು ಹಾಕಿದರೆ, ‘ಏನ ಹೊಲಸ ಮಾರಿ ಇದರದು’ ಅನ್ನುತ್ತಾಳೆ. ಮದುವೆಗೆ ಸಿಂಗಾರವಾಗಿ ಬಂದ ಹುಡುಗಿ ಅವಳ ಬಾಯಲ್ಲಿ ಗೂಗಿ, ಅಂದರೆ ಗೂಬೆ. ಓಣಿಯ ಹಳಬರಿಗೆ ಈ ಲೆಕ್ಕ ಗೊತ್ತು. ಬೈಗುಳ ದೊಡ್ಡದಾದಷ್ಟೂ ಚಂದ ದೊಡ್ಡದು. ನಮ್ಮಲ್ಲಿ ಎಲ್ಲರೂ ನೆದರ, ಅಂದರೆ ದೃಷ್ಟಿ, ಆಗಬಾರದೆಂದು ಕೂಸಿನ ಗಲ್ಲಕ್ಕೆ ಕಾಡಿಗೆಯ ಬೊಟ್ಟು ಇಡುತ್ತಾರೆ. ಇಂದ್ರಕ್ಕ ಅದನ್ನು ಬಾಯಿಂದ ಇಡುತ್ತಾಳೆ, ಅಷ್ಟೇ ವ್ಯತ್ಯಾಸ.

ಅವಳನ್ನು ಬೆಳುಂಕಿ ಎಂಬ ಊರಿಗೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲ. ಗಂಡ ಸಣ್ಣ ವಯಸ್ಸಿನಲ್ಲೇ ತೀರಿಕೊಂಡ. ಉಮದಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಅಣ್ಣ ಮಲಕಾಜಪ್ಪ ಹೋಗಿ ಕರೆದುಕೊಂಡು ಬಂದರು. ಆ ವರ್ಷವೇ ಎದುರುಮನೆಯ ಚನ್ನವ್ವನಿಗೆ ಚೊಚ್ಚಲ ಗಂಡುಮಗು ಹುಟ್ಟಿತ್ತು. ತೊಟ್ಟಿಲಿಗೆ ಹಾಕುವ ದಿನ ಇಂದ್ರಕ್ಕ ಹೆಂಗಸರ ಹಿಂದೆ, ಬಾಗಿಲ ಬಳಿ ನಿಂತು ಇಣುಕಿ ನೋಡಿದಳು. ಮಕ್ಕಳನ್ನು ಕಂಡರೆ ಜೀವ ಬಿಡುವವಳು. ತಡೆಯಲಾಗದೆ, ‘ಎಷ್ಟ ಚಂದ ಅದಲ್ಲವ್ವಾ ಕೂಸು, ಗೊಂಬಿ ಆಗ್ಯದ’ ಎಂದುಬಿಟ್ಟಳು. ವಾರ ತುಂಬುವುದರೊಳಗೆ ಮಗು ಹೋಯಿತು.

ಯಾರೂ ಅವಳ ಮುಖಕ್ಕೆ ಏನೂ ಅನ್ನಲಿಲ್ಲ. ಅಂದಿದ್ದರೆ ಒಂದು ಜಗಳವಾದರೂ ಆಗುತ್ತಿತ್ತು. ಅವಳು ಓಣಿಯಲ್ಲಿ ಬಂದರೆ ತಾಯಂದಿರು ಕೂಸಿನ ಮುಖದ ಮೇಲೆ ಸೆರಗು ಎಳೆದುಕೊಳ್ಳತೊಡಗಿದರು. ಬಂಜೆಯ ಕಣ್ಣು ಎಂದು ಬಾವಿಕಟ್ಟೆಯ ಮೇಲೆ ಮಾತಾಯಿತು. ಅವಳಿಗೂ ಅದು ನಿಜವೆನಿಸಿತು. ಅಂದಿನಿಂದ ಅವಳು ಜೀವವಿರುವ ಯಾವುದನ್ನೂ, ಇಲ್ಲದ್ದನ್ನೂ, ಚಂದ ಅಂದದ್ದಿಲ್ಲ. ಊರು ಆ ಹಳೆಯ ಕಥೆಯನ್ನು ಮರೆಯುತ್ತ ಬಂತು. ಇಂದ್ರಕ್ಕ ಮಾತ್ರ ಮರೆಯಲಿಲ್ಲ. ನಾಚಿಕೆ ಎಂಬುದು ಹಾಗೆಯೇ, ಅಂದವರು ಮರೆಯುತ್ತಾರೆ, ಅನ್ನಿಸಿಕೊಂಡವರು ಮರೆಯುವುದಿಲ್ಲ.

ಮಲಕಾಜಪ್ಪನವರ ಮಗ ರವಿಕುಮಾರ ಹುಟ್ಟಿದಾಗ ತಾಯಿ ನಂದಾ ಬಹಳ ದಿನ ಹಾಸಿಗೆ ಹಿಡಿದಿದ್ದಳು. ಹುಡುಗನನ್ನು ಎತ್ತಿ ಆಡಿಸಿದವಳು, ಉಣಿಸಿದವಳು ಈ ಅತ್ತಿಯೇ. ಎಷ್ಟು ಬೈದು ಬೆಳೆಸಿದಳೆಂದರೆ, ಹುಡುಗ ಗುಂಡುಕಲ್ಲಿನ ಹಾಗೆ ಬೆಳೆದ. ನನ್ನ ಶಾಲೆಯಲ್ಲೇ ಕಲಿತ. ಆಮೇಲೆ ಸಾಂಗಲಿಯಲ್ಲಿ ಕಂಪ್ಯೂಟರ್ ಓದಿ ಬಂದು, ಅಂಗಡಿಯ ಮೇಲಿನ ಕೋಣೆಯಲ್ಲಿ ಕುಳಿತು ಫೋನಿನಲ್ಲಿ ಆಡುವ ಆಟ ತಯಾರಿಸುತ್ತೇನೆ ಎಂದ. ಓಣಿಯೆಲ್ಲ ನಕ್ಕಿತು. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ನಮ್ಮ ಊರಿನವರಿಗೆ ಬಾಯಿಪಾಠ.

ಸಾಂಗಲಿಯಲ್ಲಿ ಅವನು ಹುಡುಗರು ಸ್ಕೇಟ್‌ಬೋರ್ಡ್ ಆಡುವುದನ್ನು ನೋಡಿದ್ದನಂತೆ. ಕೆಳಗೆ ಗಾಲಿ ಹಚ್ಚಿದ ಹಲಗೆ, ಅದರ ಮೇಲೆ ನಿಂತು ಓಡಬೇಕು, ಹಾರಬೇಕು, ಬೀಳದೆ ಇಳಿಯಬೇಕು. ಉಮದಿಯಲ್ಲಿ ಅಂಥದ್ದನ್ನು ಕಣ್ಣಾರೆ ಕಂಡವರು ಯಾರೂ ಇಲ್ಲ. ಇವನು ಅದನ್ನು ನಮ್ಮ ಊರಿಗೇ ತಂದು ಬಿಟ್ಟ. ಎರಡು ಜಡೆಯ ಹುಡುಗಿಯೊಬ್ಬಳು ಬಸ್‌ಸ್ಟ್ಯಾಂಡಿನಿಂದ ಹಲಗೆಯ ಮೇಲೆ ಹೊರಟು, ನೀರಿನ ಟ್ಯಾಂಕರ್ ಹಾರಿ, ಒಣದ್ರಾಕ್ಷಿ ಶೆಡ್ಡಿನ ಮೇಲಿಂದ ಜಾರಿ, ಬಾವಿಯ ಪಾವಟಿಗೆಗಳ ಮೇಲೆ ಟಕಟಕ ಇಳಿಯುತ್ತಾಳೆ. ಚಿತ್ರಗಳನ್ನು ಸನಮಡಿಯ ಅವನ ಗೆಳೆಯ ಸಮ್ಯಕ ಬರೆದಿದ್ದ. ಆಟದ ಹೆಸರು ‘ಗಾಲಿ ಹಲಗಿ’.

ಇಂದ್ರಕ್ಕ ಮೊದಲ ಸಲ ನೋಡಿ, ‘ಈ ಹುಡಗಿಗಿ ಹೇಳವರು ಕೇಳವರು ಇಲ್ಲೇನು? ಕೈಕಾಲ ಮುರಕೊಂಡ್ರ ಯಾರ ಮಾಡ್ಕೋತಾರ ಇಕಿನ್ನ?’ ಎಂದಳು. ಎರಡನೆಯ ದಿನ ತಾನೇ ಫೋನು ಕೇಳಿದಳು. ಆಮೇಲೆ ಮಧ್ಯಾಹ್ನದ ಊಟವಾದ ಮೇಲೆ ಚಾಳೀಸು ಕನ್ನಡಕ ಏರಿಸಿ, ಗೋಡೆಗೆ ಒರಗಿ ಆಡುವುದೇ ಕೆಲಸವಾಯಿತು. ಹುಡುಗಿ ಬಿದ್ದರೆ ‘ಅಯ್ಯ ಶಿವನ’ ಎಂದು ತನ್ನ ಮೊಣಕಾಲನ್ನೇ ಸವರಿಕೊಳ್ಳುತ್ತಿದ್ದಳು. ಕೆಲವು ದಿನಗಳಲ್ಲಿ ರವಿಗೂ ದಾಟಲಾಗದ ಜಾಗಗಳನ್ನು ಅವಳು ದಾಟತೊಡಗಿದಳು. ಹುಡುಗಿ ಗಾಳಿಯಲ್ಲಿ ಎರಡು ಸುತ್ತು ತಿರುಗಿ ನೆಟ್ಟಗೆ ಇಳಿದಾಗ ಇಂದ್ರಕ್ಕನ ತುಟಿ ಅಲುಗುತ್ತಿತ್ತು, ಮಾತು ಹೊರಗೆ ಬರುತ್ತಿರಲಿಲ್ಲ. ಆಮೇಲೆ ಗಟ್ಟಿಯಾಗಿ, ‘ಸುಡಗಾಡ ಆಟ’ ಅನ್ನುತ್ತಿದ್ದಳು. ರವಿ ನಗುತ್ತಿದ್ದ.

ಆಟವನ್ನು ಎಲ್ಲರಿಗೂ ಸಿಗುವ ಹಾಗೆ ಹಾಕಿದ ದಿನ ಅವನು ಓಣಿಯ ಮನೆಮನೆಗೆ ಬಂದು ಹೇಳಿದ. ‘ಎಲ್ಲರೂ ಆಡ್ರಿ. ಆಡಿ, ಕೆಳಗ ನಿಮ್ಮ ಅಭಿಪ್ರಾಯ ಬರೀರಿ. ಐದರಾಗ ಎಷ್ಟ ಚಿಕ್ಕಿ ಕೊಡ್ತೀರಿ ಕೊಡ್ರಿ.’ ಚಿಕ್ಕಿ ಅಂದರೆ ಫೋನಿನಲ್ಲಿ ಒತ್ತುವ ನಕ್ಷತ್ರ, ಐದು ಕೊಟ್ಟರೆ ಆಟ ಬಲು ಚಲೋ, ಒಂದು ಕೊಟ್ಟರೆ ಕೆಟ್ಟದ್ದು. ಪುಣೆಯ ಒಂದು ಕಂಪನಿ ಆಟವನ್ನು ಕೊಳ್ಳುವ ಮಾತಾಡಿತ್ತು. ಆಡಿದವರ ಅಭಿಪ್ರಾಯ ನೋಡಿ ನಿರ್ಧಾರ ಹೇಳುತ್ತಾರೆ ಎಂದು ರವಿ ಮನೆಯಲ್ಲಿ ತಿಳಿಸಿದ್ದ. ಮಲಕಾಜಪ್ಪನವರು ಕೂಗಾಡುವ ಮನುಷ್ಯರಲ್ಲ. ಒಂದೇ ಮಾತು ಹೇಳಿದರು. ‘ಕಂಪನಿ ತಗೊಂಡ್ರ ನಿನ್ನ ದಾರಿ ನಿನಗ. ಇಲ್ಲಂದ್ರ ಅಂಗಡ್ಯಾಗ ಕುಂದ್ರು, ಮತ್ತ ಈ ಮಾತ ತಗೀಬ್ಯಾಡ.’ ಹೀಗೆ ಹುಡುಗನ ಬದುಕು ಆ ಚಿಕ್ಕಿಗಳ ಮೇಲೆ ನಿಂತಿದೆ ಎಂದು ನಾವೆಲ್ಲ ತಿಳಿದೆವು.

ಮೊದಲಿಗೆ ಬಂದ ಅಭಿಪ್ರಾಯಗಳನ್ನು ನಾನು ಉತ್ತರಪತ್ರಿಕೆ ನೋಡುವವಳ ಹಾಗೆ ಕುಳಿತು ಓದಿದೆ. ವಿಜಯಪುರದವನೊಬ್ಬ, ‘ಆಟ ಚಲೋ ಅದ, ಹಲಗಿ ಗ್ವಾಡಿಗಿ ಸಿಕ್ಕೊಂತದ’ ಎಂದು ಬರೆದಿದ್ದ. ಸೊಲ್ಲಾಪುರದವನಿಗೆ ಫೋನು ಬಿಸಿಯಾಗುತ್ತಿತ್ತಂತೆ. ಒಬ್ಬ ಮರಾಠಿಯಲ್ಲಿ, ಹುಡುಗಿಯ ತಲೆಗೆ ಹೆಲ್ಮೆಟ್ ಯಾಕಿಲ್ಲ, ಮಕ್ಕಳು ಏನು ಕಲಿಯಬೇಕು ಎಂದು ಪಾಠ ಹೇಳಿದ್ದ. ಮತ್ತೊಬ್ಬನಿಗೆ ಆಟಕ್ಕಿಂತ ಅದರಲ್ಲಿ ಬರುವ ಎಸ್‌ಟಿ ಬಸ್ಸಿನ ಹಾರ್ನು ಹಿಡಿಸಿತ್ತು. ಯಾರೋ ಪುಣ್ಯಾತ್ಮ ತಾನು ಬಾವಿಗೆ ಬಿದ್ದು ಬಿದ್ದು ಸಾಕಾಗಿ ಎರಡು ಚಿಕ್ಕಿ ಕೊಟ್ಟಿದ್ದ, ಬೀಳುವವನು ತಾನು, ತಪ್ಪು ಹಲಗೆಯದು. ಒಟ್ಟಿನಲ್ಲಿ ನಾಲ್ಕರ ಮೇಲೆ ನಿಂತಿತ್ತು. ನಾನು ಐದು ಕೊಟ್ಟೆ.

ಆ ವಾರವೇ ಒಂದು ಸಂಜೆ ಇಂದ್ರಕ್ಕ ತನ್ನ ಫೋನು ಹಿಡಿದು ಬಂದಳು. ‘ವಿದ್ಯಾ, ಇದರಾಗ ಕನ್ನಡ ಹ್ಯಾಂಗ ಬರೀತಾರ, ತೋರ್ಸು.’ ನಾಲ್ಕನೆಯ ಇಯತ್ತೆವರೆಗೆ ಓದಿದವಳು, ಅಕ್ಷರ ಬರುತ್ತವೆ. ನಾನು ಎಲ್ಲಿ ಒತ್ತಬೇಕು ಎಂದು ತೋರಿಸಿದೆ. ‘ಏನ ಬರೀತಿ ಅಕ್ಕಾ?’ ಎಂದರೆ, ‘ನಂದು ನನಗ. ನೀ ನಿನ್ನ ಹಾಲ ನೋಡ್ಕೋ ಹೋಗ, ಉಕ್ಕಾಕತ್ಯದ’ ಎಂದಳು. ಹಾಲು ನಿಜವಾಗಿಯೂ ಉಕ್ಕುತ್ತಿತ್ತು. ನಾನು ಒಳಗೆ ಹೋದೆ.

ಎರಡು ಮೂರು ದಿನ ಬಿಟ್ಟು ರವಿ ಬಾಗಿಲಲ್ಲಿ ಕಂಡ. ಮುಖ ಸಪ್ಪಗಾಗಿತ್ತು. ‘ಬಾಯಾರ, ನಮ್ಮ ಊರವರ ಹೊಟ್ಟಿಕಿಚ್ಚ ನೋಡ್ರಿ’ ಎಂದು ಅಷ್ಟೇ ಹೇಳಿ ಹೋದ. ನಾನು ಫೋನು ತೆಗೆದೆ. ಚಿಕ್ಕಿ ಎರಡಕ್ಕೆ ಇಳಿದಿದ್ದವು. ಕೆಳಗೆ ಒಂದರ ಹಿಂದೆ ಒಂದು ಅಭಿಪ್ರಾಯ, ಎಲ್ಲಕ್ಕೂ ಒಂದೇ ಚಿಕ್ಕಿ. ‘ಸುಡಗಾಡ ಆಟ. ಇದರ ಮಾರಿ ಮಣ್ಣಾಗ ಅಡಗಲಿ. ಹುಡಗಿ ಕಾಗಿ ಹಂಗ ಅದಾಳ. ಯಾರೂ ನೋಡಬ್ಯಾಡ್ರಿ.’ ಅದರ ಕೆಳಗೆ, ‘ಕರಿ ಮಾರಿ ಆಟ, ಥೂ.’ ಅದರ ಕೆಳಗೆ, ‘ಇದಕ್ಕ ಆಟ ಅಂತಾರೇನ? ನಮ್ಮ ಎಮ್ಮಿ ಚಂದ ಹಾರತದ.’ ಫೋನುಗಳನ್ನು ಮಾರಿದ ಅಂಗಡಿಯವನು ಅವುಗಳ ಖಾತೆಗೆ ಬಾಯಿಗೆ ಬಂದ ಹೆಸರು ತುಂಬಿ ಕೊಟ್ಟಿದ್ದರಿಂದ ಯಾರು ಬರೆದದ್ದು ಎಂದು ರವಿಗೆ ತಿಳಿಯುವಂತಿರಲಿಲ್ಲ. ನನಗೆ ಮೊದಲನೆಯದನ್ನು ಓದಿದೊಡನೆ ತಿಳಿಯಿತು. ಮೊದಲು ನಗು ಬಂತು. ಆಮೇಲೆ ಪುಣೆಯವರೂ ಇದನ್ನು ಓದುತ್ತಾರೆಂಬುದು ನೆನಪಾಯಿತು.

ಇಂದ್ರಕ್ಕನನ್ನು ಒಬ್ಬಳನ್ನೇ ಕಂಡು ಮಾತಾಡೋಣವೆಂದು ಹೋದರೆ ಅವರ ಮನೆಯಲ್ಲಿ ಊಟದ ಹೊತ್ತು. ‘ಬರ್ರಿ ಬಾಯಾರ, ಕುಂದ್ರಿ’ ಎಂದು ನಂದಾ ನನಗೂ ತಾಟು ಇಟ್ಟಳು. ಇಂದ್ರಕ್ಕ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಮಲಕಾಜಪ್ಪನವರು, ‘ಏನಂತಾರ ನಿಮ್ಮ ಕಂಪನಿಯವರು?’ ಎಂದು ಮಗನನ್ನು ಕೇಳಿದರು.

ರವಿ ತಾಟಿನಿಂದ ತಲೆ ಎತ್ತಲಿಲ್ಲ. ‘ಏನಂತಾರ? ಇಂಥಾವೆಲ್ಲ ಓದಿದ್ರ ಯಾರ ತಗೋತಾರ? ಬ್ಯಾಡ ಅಂದ್ರ ಇವರ ಸಲವಾಗೇ ಅಂತಾರ.’ ಆಮೇಲೆ ಸಿಟ್ಟು ತಡೆಯಲಿಲ್ಲ. ‘ಹೆಂಗಸರದ ಮಾತ ಅದು, ಓದಿದ್ರ ತಿಳೀತದ. ಮಕ್ಕಳ ಹಡದಾಕಿ ಇನ್ನೊಬ್ಬರ ಮಗಗ ಹಿಂಗ ಬರೀತಾಳೇನ? ಯಾವಾಕ್ಯೋ ಬಂಜಿ ಬರದಾಳ.’

ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ನಂದಾ ಮಗನನ್ನು ಕೆಕ್ಕರಿಸಿ ನೋಡಿದಳು. ರವಿಗೆ ಆಗ ನೆನಪಾಯಿತು. ‘ಅತ್ತಿ, ನಿನಗ ಅಂದಿಲ್ಲ ನಾ’ ಎಂದ. ಅದನ್ನು ಅನ್ನದಿದ್ದರೆ ಚೆನ್ನಾಗಿತ್ತು. ಇಂದ್ರಕ್ಕ ತಿರುಗಿ ನೋಡದೆ, ‘ಉಣ್ಣಪಾ, ರೊಟ್ಟಿ ಆರತದ’ ಎಂದಳು. ಹೆಂಚಿನ ಮೇಲಿನ ರೊಟ್ಟಿ ಸೀಯುತ್ತಿತ್ತು.

ಮರುದಿನ ಬೆಳಿಗ್ಗೆ ನಾನು ಶಾಲೆಗೆ ಹೊರಡುವ ಮೊದಲೇ ಅವಳು ಬಂದು ನನ್ನ ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತಳು. ರಾತ್ರಿ ನಿದ್ದೆ ಮಾಡಿರಲಿಲ್ಲ, ಕಣ್ಣು ಹೇಳುತ್ತಿದ್ದವು.

‘ಜಗತ್ತ ನೋಡೂ ಜಾಗದಾಗ ಹೊಗಳಿ ಬರದ್ರ ನೆದರ ಆಗತದ ಅಂತ ಬೈದ್ನಿ ವಿದ್ಯಾ. ಓಣಿ ಹೆಣಮಕ್ಕಳಿಗೂ ನಾನ ಹೇಳಿದ್ನಿ, ಹೊಗಳಬ್ಯಾಡ್ರವ್ವಾ, ಬೈದು ಬರೀರಿ, ಹುಡುಗನ ಕೆಲಸ ಚಲೋ ನಡೀಲಿ ಅಂತ.’

‘ಅಕ್ಕಾ, ಪುಣೆದವರಿಗಿ ನಿನ್ನ ಬೈಗುಳ ಹ್ಯಾಂಗ ತಿಳೀಬೇಕ?’

‘ಹೊಗಳಿದ್ರ ಸಾಯತಾವ. ಬೈದ್ರೂ ಸಾಯತಾವ. ನನ್ನ ಬಾಯಿ ಹೊಲದು ಬಿಡಬೇಕೇನ?’ ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಳಲಿಲ್ಲ. ನಾಚಿಕೆ ಆ ಮಟ್ಟಕ್ಕೆ ಏರಿದವರಿಗೆ ಅಳುವುದಕ್ಕೂ ಸಂಕೋಚ.

ಬರೆದದ್ದನ್ನು ತಿದ್ದಬಹುದು, ಚಿಕ್ಕಿಯನ್ನೂ ಬದಲಿಸಬಹುದು ಎಂದು ನಾನು ಹೇಳಿದೆ. ಆದರೆ ಬರೆದವರೇ ತಿದ್ದಬೇಕು. ‘ಹಂಗಾರ ಏಳ’ ಎಂದಳು. ‘ಕಂಪನಿಯವರು ನೋಡೂದ್ರಾಗ ಎಲ್ಲರ ಮನಿಗಿ ಹೋಗೂಣು. ನೀ ಸಂಗಾಟ ಬಾ, ನನಗ ತಿದ್ದಲಿಕ್ಕಿ ಬರಂಗಿಲ್ಲ.’ ನಾನು ರಜೆ ಹಾಕಿದೆ.

ಆ ದಿನವನ್ನು ನೆನೆದರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಬೈದು ಬರೆಯಿರಿ ಎಂದವಳೇ ಇವತ್ತು ಬಂದು ಹೊಗಳಿ ಬರೆಯಿರಿ ಎಂದರೆ ಯಾರಾದರೂ ಯಾಕೆ ಎಂದು ಕೇಳುತ್ತಾರೆ. ಪ್ರತಿ ಬಾಗಿಲಲ್ಲೂ ಅವಳು ಕಾರಣ ಹೇಳಬೇಕಾಯಿತು. ಊರು ಮರೆತಿದ್ದ ಕಥೆಯನ್ನು ಅವಳೇ ತನ್ನ ಬಾಯಿಂದ ಎತ್ತಿ ಎತ್ತಿ ಇಟ್ಟಳು. ಒಬ್ಬ ಹೊಸ ಸೊಸೆ ಏನೂ ಗೊತ್ತಿಲ್ಲದೆ, ‘ಯಾಕ್ರೀ ಅತ್ತಿ, ನಿಮ್ಮ ಕಣ್ಣಿಗಿ ಏನಾಗ್ಯದ್ರಿ?’ ಎಂದು ಕೇಳಿದಳು. ಅವಳ ಮಡಿಲಲ್ಲಿ ಮಗು ಇತ್ತು. ಇಂದ್ರಕ್ಕ ನೆಲ ನೋಡುತ್ತ, ‘ನನ್ನ ಕಣ್ಣ ಕೆಟ್ಟದ್ದವ್ವಾ. ನಾ ಚಂದ ಅಂದ್ರ ಉಳಿಯಂಗಿಲ್ಲ. ಅದಕ್ಕ ಬೈತೀನಿ’ ಎಂದಳು. ಹುಡುಗಿಯ ಕೈ ತಾನಾಗಿಯೇ ಮಗುವಿನ ಮುಖದ ಮೇಲೆ ಸೆರಗು ಎಳೆಯಿತು. ಇಂದ್ರಕ್ಕ ಅದನ್ನು ನೋಡಿಯೂ ನೋಡದವಳ ಹಾಗೆ, ‘ಫೋನ್ ಎಲ್ಲದ, ತಗೊಂಬಾ’ ಎಂದಳು.

ಕೊನೆಗೆ ಉಳಿದದ್ದು ಚನ್ನವ್ವನ ಮನೆ. ಅವಳೂ ಮೊಮ್ಮಗಳ ಕೈಯಿಂದ ಬೈದು ಬರೆಸಿದ್ದಳು. ಎದುರುಬದುರು ಮನೆ, ಕೊಡುವುದು ಕೊಳ್ಳುವುದು ಎಲ್ಲ ನಡೆಯುತ್ತದೆ. ಆ ಮಗುವಿನ ಮಾತು ಮಾತ್ರ ಇಬ್ಬರ ನಡುವೆ ಒಮ್ಮೆಯೂ ಬಂದಿರಲಿಲ್ಲ. ಇಂದ್ರಕ್ಕ ಹೊಸ್ತಿಲ ಹೊರಗೇ ನಿಂತಳು. ‘ಚನ್ನಕ್ಕಾ, ನನ್ನ ಕಣ್ಣಿನ ಸಂಗತಿ ನಿನಗಿಂತ ಹೆಚ್ಚ ಯಾರಿಗಿ ಗೊತ್ತದ? ಅದಕ್ಕ ಹೆದರಿ ಬೈದು ಬರಸಿದ್ನಿ. ಹುಡುಗನ ಅನ್ನಕ್ಕ ಕಲ್ಲ ಬಿತ್ತು. ತಿದ್ದಿ ಕೊಡು. ಕೈ ಮುಗೀತೀನಿ.’

ಚನ್ನವ್ವ ಅವರೆಕಾಯಿ ಸುಲಿಯುತ್ತಿದ್ದಳು. ಕೈ ನಿಂತಿತು. ಮೊರವನ್ನು ಬದಿಗೆ ಸರಿಸಿದಳು. ಆಮೇಲೆ ಅವಳ ದನಿ ಬೇರೆಯೇ ಆಗಿತ್ತು.

‘ಇಂದ್ರಾ, ಒಳಗ ಬಾ. ಕೂಸಿಗಿ ತೊಟ್ಟಲಕ್ಕ ಹಾಕೂ ಮುಂಚಿನ ದಿನಾನ ಜ್ವರ ಇತ್ತು.’

ಇಂದ್ರಕ್ಕ ಒಂದು ಕಾಲು ಒಳಗಿಟ್ಟು ಅಲ್ಲೇ ನಿಂತಳು.

‘ಮೈ ಸುಡತಿತ್ತು. ಬೀಗರು ಬಿಜ್ಜರು ಎಲ್ಲಾ ಬಂದಾರ, ಕಾರ್ಯ ನಿಲ್ಲಬಾರದಂತ ನಾ ಯಾರಿಗೂ ಹೇಳಲಿಲ್ಲ. ಕೂಸು ಹ್ವಾದಮ್ಯಾಗ, ದವಾಖಾನಿಗಿ ಯಾಕ ಒಯ್ಯಲಿಲ್ಲ ಅಂತ ನಮ್ಮತ್ತಿ ನನ್ನ ಕೇಳ್ತಾಳಂತ ಜೀವ ಹಿಡಕೊಂಡ ಕುಂತಿದ್ನಿ. ಅಷ್ಟರಾಗ ಯಾರೋ ನಿನ್ನ ಹೆಸರ ತಗದ್ರು. ನಾ ಹೌದನ್ನಲಿಲ್ಲ, ಅಲ್ಲನ್ನಲಿಲ್ಲ. ಸುಮ್ಮ ಕುಂತ್ನಿ.’ ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. ‘ದಿನಾ ನಿನ್ನ ಮಾರಿ ನೋಡತೀನಿ. ಹೇಳಬೇಕಂತೀನಿ. ನಾಚಕಿ ಬಾಯಿ ಹಿಡೀತದ.’

ನನಗೆ ತಲೆ ಕೆಟ್ಟಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಎಂದರೆ ಇದೇ ಅಲ್ಲವೆ, ಅದೂ ಒಂದು ಇಡೀ ಆಯುಷ್ಯ. ನಾನು ಬಾಯಿಗೆ ಬಂದದ್ದನ್ನು ಅನ್ನಲು ಹೊರಟಿದ್ದೆ. ಇಂದ್ರಕ್ಕ ನನ್ನ ಮುಂಗೈ ಹಿಡಿದಳು. ಚನ್ನವ್ವನಿಗೆ ಅವಳು ಅಂದದ್ದು ಇಷ್ಟೇ. ‘ಫೋನ್ ತರಸ ಚನ್ನಕ್ಕಾ. ಹೊತ್ತಾಗ್ತದ.’

ಓಣಿಯಲ್ಲಿ ಬಂದು ನಿಂತ ಮೇಲೆ ಗೋಡೆಗೆ ಕೈ ಊರಿ, ‘ನನ್ನ ಕಣ್ಣ ಅಲ್ಲಂತ ವಿದ್ಯಾ’ ಎಂದಳು. ಯಾರೋ ಮೂರನೆಯವರ ಸುದ್ದಿ ಹೇಳಿದ ಹಾಗಿತ್ತು. ನಾನು ‘ಊರೆಲ್ಲ ಕೂಡಿಸಿ ಈ ಚನ್ನವ್ವನ್ನ ಕೇಳೋಣು’ ಎಂದು ಕುದಿಯುತ್ತಿದ್ದೆ. ಅವಳು ಬೇಡ ಎಂದು ತಲೆಯಾಡಿಸಿದಳು. ‘ಕಳಕೊಂಡಾಕಿ ಅಕಿನಾ ಅಲ್ಲೇನು? ಬಿಡು.’ ಆಮೇಲೆ ನನ್ನ ಪಡಸಾಲೆಯಲ್ಲಿ ಕುಳಿತು ತನ್ನ ಅಭಿಪ್ರಾಯವನ್ನು ತಾನೇ ತಿದ್ದಿದಳು. ಒಂದೊಂದು ಅಕ್ಷರಕ್ಕೂ ಬೆರಳು ಹೆದರುತ್ತಿತ್ತು. ‘ಭಾಳ ಚಂದ ಅದ. ಹುಡಗಿ ಹಾರಿದ್ರ ಎದಿ ಝಲ್ ಅಂತದ. ಬಾಂವಿ ಪಾಂವಟಗಿ ಮ್ಯಾಲ ಹಲಗಿ ಸಿಗತದ, ಅದೊಂದ ತಿದ್ದಬೇಕು.’ ಐದೂ ಚಿಕ್ಕಿ ಒತ್ತಿದಳು. ಫೋನನ್ನು ಚಾಪೆಯ ಮೇಲೆ ಬೋರಲು ಹಾಕಿ, ಅದು ಏನಾದರೂ ಮಾಡೀತೇ ಎಂದು ನೋಡುತ್ತ ಕುಳಿತಳು.

ಮಾರನೆಯ ದಿನ ಮಧ್ಯಾಹ್ನ ಅವಳು ಕಟ್ಟಿನ ಸಾರು ಮಾಡಿದ್ದೇನೆಂದು ನನ್ನನ್ನು ಕರೆದಿದ್ದಳು. ಮುಖದಲ್ಲಿ ನಾನು ಎಂದೂ ಕಾಣದ ಒಂದು ಹಗುರ ಇತ್ತು. ಚಿಕ್ಕಿ ಮತ್ತೆ ನಾಲ್ಕರ ಹತ್ತಿರ ಬಂದಿದ್ದವು. ಮಲಕಾಜಪ್ಪನವರು ಊಟಕ್ಕೆ ಅಂಗಡಿಯಿಂದ ಬಂದು ಕೈಕಾಲು ತೊಳೆಯುತ್ತಿದ್ದರು. ರವಿ ಮಹಡಿಯಿಂದ ಇಳಿದು ಬಂದು ತಂದೆಯ ಮುಂದೆ ನಿಂತ.

‘ಕಂಪನಿಯವರು ಬ್ಯಾಡ ಅಂದ್ರಪಾ.’

ಮಲಕಾಜಪ್ಪನವರು ಟವೆಲಿನಿಂದ ಮುಖ ಒರೆಸಿಕೊಂಡರು. ‘ಆತು. ನಾಳಿಂದ ಅಂಗಡಿಗಿ ಬಾ’ ಎಂದರು. ಗದರಲೂ ಇಲ್ಲ.

ಇಂದ್ರಕ್ಕ ಸಾರಿನ ಸೌಟು ಹಿಡಿದವಳು ಹಾಗೆಯೇ ಗೋಡೆ ಹಿಡಿದು ಕುಸಿದಳು. ‘ನಿನ್ನೆ ನಾ ಚಂದ ಅಂತ ಬರದ್ನಿ’ ಎಂದಳು. ಮೊದಲು ಮೆಲ್ಲಗೆ, ಆಮೇಲೆ ಗಟ್ಟಿಯಾಗಿ. ‘ನಿನ್ನೆ ಬರದ್ನಿ, ಇವತ್ತ ಹೋತು. ಚನ್ನಕ್ಕ ಸುಳ್ಳ ಹೇಳ್ಯಾಳ ವಿದ್ಯಾ, ನನ್ನ ಸಮಾಧಾನಕ್ಕ ಹೇಳ್ಯಾಳ. ನನ್ನ ಕಣ್ಣ ಅದು.’ ರವಿಯ ಕಡೆ ನೋಡದೆ, ಸೆರಗು ಮುಖದ ಮೇಲೆ ಎಳೆದುಕೊಂಡು ಅಂದಳು, ‘ಅವತ್ತ ಬೈದಿಯಲ್ಲಪಾ, ಆ ಬಂಜಿ ನಾನ. ಬೈದು ಬರದಾಕಿನೂ ನಾನ, ಹೊಗಳಿ ಕೊಂದಾಕಿನೂ ನಾನ.’

ರವಿ ಏನೋ ಅನ್ನಲು ಬಾಯಿ ತೆರೆದ. ನನಗೆ ತಾಳ್ಮೆ ಉಳಿದಿರಲಿಲ್ಲ. ಅವಳು ಯಾಕೆ ಬೈದು ಬರೆದಳು, ಅದನ್ನು ತಿದ್ದಿಸಲು ಯಾವ ಯಾವ ಬಾಗಿಲಲ್ಲಿ ನಿಂತಳು, ಆ ಸೊಸೆ ಮಗುವಿನ ಮುಖ ಹೇಗೆ ಮುಚ್ಚಿದಳು, ಚನ್ನವ್ವ ಏನು ಹೇಳಿದಳು, ಅವಳನ್ನು ಇವಳು ಹೇಗೆ ಕ್ಷಮಿಸಿ ಬಂದಳು, ಒಂದನ್ನೂ ಬಿಡದೆ ಅವನ ಮುಂದೆ ಸುರಿದೆ. ‘ನಿನ್ನ ಆಟದ ಸಲವಾಗಿ ತನ್ನ ಮಾನಾ ತಾನ ಓಣ್ಯಾಗ ಹರಾಜ ಹಾಕ್ಯಾಳೋ’ ಎಂದೆ. ಕೇಳುತ್ತ ಕೇಳುತ್ತ ಅವನು ನೆಲದ ಮೇಲೆ ಕುಳಿತುಬಿಟ್ಟ.

‘ಅತ್ತಿ, ನಿನ್ನ ಕಣ್ಣ ಅಲ್ಲ’ ಎಂದ. ‘ಕಂಪನಿಯವರ ಫೋನ್ ಆಟ ಹಾಕಿದ ಮರುದಿನಾನ ಬಂದಿತ್ತು. ಇಂಥಾವು ನಮ್ಮ ಕಡಿ ಭಾಳ ಅದಾವ, ಬ್ಯಾಡ ಅಂದಿದ್ರು. ಆವಾಗ ನೀ ಒಂದ ಅಕ್ಷರಾನೂ ಬರದಿದ್ದಿಲ್ಲ.’

‘ಮತ್ತ ಅವತ್ತ ಉಣ್ಣಲಿಕ್ಕಿ ಕುಂತಾಗ?’ ಎಂದು ಕೇಳಿದವರು ಮಲಕಾಜಪ್ಪನವರು.

‘ನಿಮಗ ಹ್ಯಾಂಗ ಹೇಳಲಿ ಅಂತ ಮುಚ್ಚಿಟ್ನಿ. ಸಮ್ಯಕಗೂ ಹೇಳಿಲ್ಲ. ಅಷ್ಟರಾಗ ಯಾರೋ ಬೈದು ಬರದ್ರು. ಅವರಿಂದ ಹೋತು ಅಂದ್ರ ನನ್ನ ಮಾರಿ ಉಳೀತದ ಅಂತ ಹಂಗ ಅಂದ್ನಿ.’ ಅವನು ಎರಡೂ ಕೈಯಿಂದ ತಲೆ ಹಿಡಿದುಕೊಂಡ. ‘ಚನ್ನವ್ವಾಯಿ ಮಾಡಿದಂಗ ಮಾಡಿದ್ನಿ ನಾನೂ. ಅಕಿನ ಬಿಟ್ಟಂಗ ನನ್ನೂ ಬಿಡ ಅತ್ತಿ.’

ಇಂದ್ರಕ್ಕ ಸೆರಗು ಸರಿಸಿದಳು. ಅವಳು ಎದ್ದು ಬಂದು ಅವನ ತಲೆ ಸವರುತ್ತಾಳೆ ಎಂದು ನಾನು ಅಂದುಕೊಂಡೆ. ನಂದಾಳೂ ಹಾಗೆಯೇ ಅಂದುಕೊಂಡಿರಬೇಕು, ನಾದಿನಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದಳು. ಇಂದ್ರಕ್ಕ ಏಳಲಿಲ್ಲ. ತಾನು ಎತ್ತಿ ಆಡಿಸಿದ ಹುಡುಗನನ್ನು ನೇರವಾಗಿ ನೋಡಿದಳು. ಆ ನೋಟದಲ್ಲಿ ಹೆದರಿಕೆ ಇರಲಿಲ್ಲ.

‘ಅಕಿ ಎಳೀ ಬಾಣಂತಿ, ಕೂಸು ಮಣ್ಣಾಗಿತ್ತು, ಅತ್ತಿ ಎದರಿಗಿ ಕುಂತಿದ್ಳು’ ಎಂದಳು. ‘ನಿನಗೇನಿತ್ತೋ?’

ರವಿ ತಗ್ಗಿಸಿದ ತಲೆಯನ್ನು ನಾವು ಯಾರೂ ಹೋಗಿ ಎತ್ತಲಿಲ್ಲ.